ಬೆಸುಗೆಯ ಪಕ್ಕದ ಕಬ್ಬಿಣ

ಒಳಗೆ ಬಿಡುವ ಮುಂಚೆ ಎಲ್ಲರನ್ನೂ ಕೇಳುತ್ತೇನೆ:
ಮೈಯಲ್ಲಿ ಎಲ್ಲಾದರೂ ಲೋಹವಿದೆಯೇ?
ಬೋಗುಮಿಲ್ ನಕ್ಕುಬಿಟ್ಟರು.
ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಬೆಸುಗೆ ಹಾಕಿದವನನ್ನು
ಎಲ್ಲಿಲ್ಲ ಎಂದು ಕೇಳು ಮಗಳೇ.

ಕಣ್ಣಿನ ಎಕ್ಸ್‌ರೇ ತೆಗೆಸಿದೆವು. ಕಿಡಿಯ ಚೂರೂ ಉಳಿದಿರಲಿಲ್ಲ.
ಆಮೇಲೆ ಅಯಸ್ಕಾಂತದ ಗವಿ, ಸುತ್ತಿಗೆ ಸದ್ದು,
ಅವರಿಗೆ ಹಳೇ ಪರಿಚಯದ್ದು.
ಉಸಿರು ಬಿಡಿ. ಹಾಗೇ ಹಿಡಿಯಿರಿ.
ಹದಿನಾಲ್ಕು ಸೆಕೆಂಡು ಹಿಡಿದರು,
ಮುಳುಗು ಹಾಕಿದವರಂತೆ.

ಗ್ಯಾಡೊಲಿನಿಯಮ್ ರಕ್ತಕ್ಕಿಳಿದು ಹತ್ತು ನಿಮಿಷ ಅಲೆಯುತ್ತದೆ.
ಜೀವವಿದ್ದಲ್ಲಿ ನಿಲ್ಲದೆ ತೊಳೆದುಹೋಗಿ
ಸತ್ತಲ್ಲಿ ತಂಗುತ್ತದೆ.
ಪರದೆಯಲ್ಲಿ ಕಪ್ಪು ಬದುಕು, ಬಿಳಿ ಗಾಯ.
ಕೆಳಗೋಡೆಯಲ್ಲೊಂದು ಬಿಳಿ ಗೀರು,
ಯಾವ ಇರುಳು ಬಂದುಹೋಯಿತೋ!
ಅಜೀರ್ಣವೆಂದುಕೊಂಡು
ಹುಳಿಕೋಸಿನ ಸಾರು ಕುಡಿದು ಮಲಗಿದ್ದರಂತೆ.
ಮುಂಗೋಡೆ ಮಿಸುಕುತ್ತಿಲ್ಲ,
ಆದರೆ ಕಪ್ಪು.
ಸತ್ತಿಲ್ಲ, ಹಸಿದು ಮಲಗಿದೆ.
ಆ ಕಪ್ಪನ್ನು ನಂಬಿಯೇ ಡಾಕ್ಟರು ಎದೆ ತೆರೆಯಲು ಒಪ್ಪಿದ್ದು.

ಆರನೆಯ ದಿನ ಮತ್ತೆ ಬಂದರು,
ಕೆಮ್ಮು ಬಂದರೆ ಇರಲೆಂದು ದಿಂಬನ್ನು ಎದೆಗವಚಿ.
ಮೂಳೆ ಹೊಲಿದ ಉಕ್ಕಿನ ತಂತಿ
ಚಿತ್ರದಲ್ಲಿ ಏಳು ಕರೀ ತೂತು.
ಮುಂಗೋಡೆಗೆ ಇನ್ನೂ ಮಂಪರು.
ಅದರ ಅಂಚಿಗೆ, ಮೊದಲಿಲ್ಲದ
ಗೋಧಿಕಾಳಿನಷ್ಟು ಬಿಳಿ.
ಸರಿಪಡಿಸಿದ ಕೈಯೇ ಬಿಟ್ಟದ್ದು.

ವರದಿಯಲ್ಲಿ ಅದು ಎರಡು ಗ್ರಾಂ.
ಹೇಳುವುದು ನನ್ನ ಕೆಲಸವಲ್ಲ, ಪರದೆ ತಿರುಗಿಸಬೇಕಿತ್ತು,
ತಿರುಗಿಸಲಿಲ್ಲ.
ಅವರೇ ಬೆರಳಿಟ್ಟರು: ಇದು ಹೊಸತು.

ನಮ್ಮಲ್ಲೂ ಹತ್ತಕ್ಕೊಂದು ಬೆಸುಗೆಯ ಫೋಟೋ ತೆಗೆಯುತ್ತಿದ್ದರು,
ತಪ್ಪು ಅಲ್ಲಿ ಕಪ್ಪಗೆ ಕಾಣುತ್ತಿತ್ತು.
ಚೆನ್ನಾಗಿ ಹಾಕಿದ ಬೆಸುಗೆ ಬಿರಿಯುವುದಿಲ್ಲ ಮಗಳೇ,
ಪಕ್ಕದ ಕಬ್ಬಿಣ ಬಿರಿಯುತ್ತದೆ,
ಉರಿ ತಿಂದದ್ದು ಅದು,
ಯಾರೂ ಮುಟ್ಟದೇ ಬಳಲಿದ್ದು.
ಗೊತ್ತಿದ್ದೇ ಬೆಂಕಿ ಹಚ್ಚುತ್ತಿದ್ದೆವು.
ಇಲ್ಲದಿದ್ದರೆ ಹಡಗೆಲ್ಲಿ?

ಆರು ತಿಂಗಳಿಗೆ ಮುಂಗೋಡೆ ಆಡುತ್ತಿತ್ತು,
ಕುಂಟುತ್ತ, ಒಂದು ತಾಳ ಹಿಂದೆ.
ಗೋಧಿಕಾಳು ಅಲ್ಲೇ ಇತ್ತು, ತುಸು ಬಾಡಿ.
ಅವರಿಗೆ ಅದರ ಗೊಡವೆಯಿಲ್ಲ.
ತಮ್ಮ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು
ತಂತಿಯ ಗಂಟು ಎಣಿಸುತ್ತಿದ್ದರು:
ಆರು ಒಂದೇ ಕೈಯವು.
ಈ ಕೊನೆಯದು ಬೇರೆ, ಹೆದರಿ ಒಂದು ಸುತ್ತು ಜಾಸ್ತಿ ತಿರುವಿದ್ದಾನೆ.
ಕಲಿಯುವ ಹುಡುಗನಿರಬೇಕು.
ಸಿಕ್ಕರೆ ಹೇಳು,
ಹಿಡಿದಿದೆ.