ಅರ್ಧ ಎತ್ತಿದ ಶಟರು

ರಾತ್ರಿ ಹತ್ತೂವರೆಯ ಮೇಲೆ ಅವನು ಬರುವುದು.
ಮೊದಲೇ ಫೋನಿಲ್ಲ, ಏನಿಲ್ಲ.
ಶಟರಿನ ಮೇಲೆ ಬೆರಳ ಗಂಟಿನಿಂದ ಮೂರು ಸಲ,
ಮತ್ತೆ, ಮರೆತವನ ಹಾಗೆ, ಇನ್ನೊಂದು.
ನಾನು ಅರ್ಧ ಎತ್ತುತ್ತೇನೆ.
ಊರೂರಲ್ಲಿ ನಲವತ್ತು ಅಡಿ ಕಟೌಟಾಗಿ ನಿಂತವನು
ಕೋಡಿಬಾಗದ ನನ್ನ ಅಂಗಡಿಗೆ
ಬಗ್ಗಿಯೇ ಬರಬೇಕು.

ಗೋಡೆಯ ಮೇಲೆ ಅವನದೇ ಪಟ, ನಾನೇ ಅಂಟಿಸಿದ್ದು.
ನೌಕಾನೆಲೆಯ ಹುಡುಗರದು ಬಿಡಿ, ಮಷೀನಿನ ಎರಡು ನಿಮಿಷದ ಕೆಲಸ;
ಕಾಲೇಜಿನ ಪೋರರೆಲ್ಲ ಅದಕ್ಕೇ ಬೆರಳು ತೋರಿಸುತ್ತಾರೆ:
‘ಹಾಗೇ ಬೇಕು ಪುಂಡಲೀಕಣ್ಣ, ಕಿವಿ ಮೇಲಿನ ಗೆರೆ ಸಮೇತ.’
ಆ ಪಟದ ಕೆಳಗಿನ ಕುರ್ಚಿಯಲ್ಲೇ ಕೂತು
ಅವನು ಹೇಳುತ್ತಾನೆ:
‘ಹಾಗೆ ಕಾಣದ ಹಾಗೆ ಮಾಡು.’

ಅದೆಂಥ ಕಟಿಂಗು? ನಮ್ಮ ಕಸುಬಲ್ಲಿ ಅದಕ್ಕೆ ಹೆಸರಿಲ್ಲ.
ಸೋಮವಾರ ಶೂಟಿಂಗು ಬೇರೆ. ಒಂದು ಬೆರಳು ಗಿಡ್ಡವಾದರೂ
ಕಂಪನಿಯವರು ಕೇಳುತ್ತಾರಂತೆ; ಕೂದಲಿಗೂ ಅಗ್ರಿಮೆಂಟು.
ತುದಿಯಷ್ಟೇ ಸವರುತ್ತೇನೆ.
ಉಳಿದಂತೆ ಗಾಳಿಯಲ್ಲೇ ಕತ್ತರಿ ಆಡಿಸಿ
ಸದ್ದು ಜಾಸ್ತಿ ಮಾಡುತ್ತೇನೆ.
ಕನ್ನಡಿಗೆ ಟವೆಲು ಹೊದಿಸು ಎಂದಿದ್ದ, ಮೊದಲ ಸಲ.
ಈಗ ಕೇಳದೆಯೇ ಹೊದಿಸುತ್ತೇನೆ.

ವಿಹಂಗ್ ಅಂತೆ. ಯಾರೋ ಸಂಖ್ಯೆ ಕೂಡಿಸಿ ಇಟ್ಟ ಹೆಸರು.
ನನಗವನು ದಾಮು, ಬೈತಖೋಲದ ದಾಮು ಹರಿಕಂತ್ರ.
ಏಂಡಿ ಬಲೆಯ ಹಗ್ಗ ಹಿಡಿದರೆ ಹುಡುಗರಿಗೂ
ಒಂದೊಂದು ಬೊಗಸೆ ತಾರ್ಲೆ ಸಿಗುತ್ತಿದ್ದ ಕಾಲ.
ನನ್ನ ಹಿಂದೆ ನಿಂತು, ಎಳೆಯದೆಯೇ
ಎಳೆದವನ ಮುಖ ಮಾಡುವುದರಲ್ಲಿ
ಆಗಲೇ ನಿಸ್ಸೀಮ.

‘ಶುಕ್ರವಾರ ಬಂತೆಂದರೆ ಹೊಟ್ಟೆ ಕಲಸುತ್ತದೋ,’ ಅಂದ ಒಮ್ಮೆ.
‘ಮೊದಲ ಆಟ ಬಿಡುವಷ್ಟರಲ್ಲಿ ಬಚ್ಚಲಿಗೆ ಹೋಗಿ
ನಲ್ಲಿ ಬಿಟ್ಟುಕೊಂಡು ಕೂರುತ್ತೇನೆ.’
ಇನ್ನೊಮ್ಮೆ: ‘ಒಬ್ಬ ಬಂದಿದ್ದ. ಎದೆ ತುಂಬ ನನ್ನ ಮುಖದ ಹಚ್ಚೆ.
ಮುಟ್ಟಣ್ಣ ಅಂದ.
ಅವನು ಉಸಿರೆಳೆದಾಗೆಲ್ಲ ನನ್ನ ಕೆನ್ನೆ ಉಬ್ಬುತ್ತಿತ್ತು.
ಬಿಟ್ಟಾಗ ನಾನು ಮುದುಕ.’
ನಾನು ನಕ್ಕೆ. ಅವನು ನಗಲಿಲ್ಲ.

ಅನ್ನ ಉಂಡು ಎಪ್ಪತ್ತು ದಿನವಾಯಿತಂತೆ.
ನನ್ನ ಡಬ್ಬಿಯಲ್ಲಿ ತಿಸ್ರೆ ಸುಕ್ಕ ಇತ್ತು.
ಮುಚ್ಚಳ ತೆಗೆದು ಮೂಸಿದ, ಮತ್ತೊಮ್ಮೆ ಮೂಸಿದ,
ಮುಚ್ಚಿ, ಹೊಟ್ಟೆ ತುಂಬಿತು ಅಂದ.

ಅವನು ಬರುವುದು ಕಟಿಂಗಿಗಲ್ಲ, ನಿದ್ದೆಗೆ.
ನನಗೇ ತಡವಾಗಿ ಹೊಳೆಯಿತು.
ನೊರೆ ಹಚ್ಚಿ, ಕತ್ತಿಗೆ ಬಿಸಿ ಬಟ್ಟೆಯಿಟ್ಟರೆ ಸಾಕು,
ಬಾಯಿ ತೆರೆದುಕೊಳ್ಳುತ್ತದೆ, ಒಂದು ಕಡೆ ಜೊಲ್ಲು.
ಫೋನಿಗೆ ಅಂಜುವವನು
ಗಂಟಲ ಮೇಲಿನ ಬ್ಲೇಡಿಗೆ ಅಂಜುವುದಿಲ್ಲ.
ಕಾಳಿ ಸೇತುವೆಯ ಮೇಲೆ ಗೋವಾದ ಲಾರಿಗಳು ಗುಡುಗುತ್ತವೆ.
ನಾನು ಬ್ಲೇಡು ಹಿಡಿದು ಇಪ್ಪತ್ತು ನಿಮಿಷ
ನಿಂತೇ ಇರುತ್ತೇನೆ.

ಸುಳ್ಳು ಯಾಕೆ, ನನ್ನ ಜೇಬಲ್ಲೂ ಫೋನಿದೆ.
ಮಗಳ ಫೀಸು ಜೂನಿನಿಂದ ಬಾಕಿ.
ಆ ಜೊಲ್ಲಿನ ಒಂದು ಫೋಟೋಕ್ಕೆ
ಎಷ್ಟು ಕೊಡುವವರಿದ್ದಾರೆಂದು ಗೊತ್ತು.
ಹೋದ ಸಲ ಹೊರಗೆ ತೆಗೆದೆ ಕೂಡ.
ಪರದೆ ಬೆಳಗಿತು.
ಕಣ್ಣು ತೆರೆಯಲಿಲ್ಲ ಅವನು; ನಿದ್ದೆ ಹರಿಯಲೂ ಇಲ್ಲ.
ಆ ಬೆಳಕು ಬಿದ್ದದ್ದೇ,
ಬಾಯಿ ತಾನೇ ಮುಚ್ಚಿಕೊಂಡಿತು,
ಗದ್ದ ಒಂದಿಷ್ಟು ಎಡಕ್ಕೆ ತಿರುಗಿತು,
ನೊರೆಯೊಳಗೆ ನಗು ಬಂದು ಕೂತಿತು,
ಗೋಡೆಯ ಪಟದಲ್ಲಿದ್ದದ್ದೇ ನಗು.

ಫೋನು ಕವುಚಿಟ್ಟೆ.
ಆ ನಗು ಇಳಿಯಲು ಬಹಳ ಹೊತ್ತು ಹಿಡಿಯಿತು.

ಎದ್ದ. ಇನ್ನೂರು ಕೊಟ್ಟು ಐವತ್ತು ವಾಪಸು ಇಸಕೊಂಡ.
ಹೆಲ್ಮೆಟ್ಟು ಹಾಕಿ, ಬಗ್ಗಿ, ಹೋದ.

ಬೆಳಿಗ್ಗೆ ಮೊದಲ ಗಿರಾಕಿ, ಪೋರನೊಬ್ಬ,
ಪಟಕ್ಕೆ ಬೆರಳು ತೋರಿಸಿ ಕೂತ.
ಟವೆಲು ತೆಗೆಯಲು ಮರೆತಿದ್ದೆ.
‘ಕನ್ನಡಿಗೆ ಏನಾಯಿತು?’
‘ನೆಗಡಿ,’ ಅಂದೆ.