ಬಾಗಿಲ ಪಾಲಿಶಿಗೆ ಹೋದಾಗ

"ಎಂಟ್ ದಿನದ ಕೆಲಸ ಅದ್ರೀ ಅಕ್ಕೋರೆ"
ಅಂದಿದ್ದ ಮಿಸ್ತ್ರಿ ಚಾಂದಪಾಶಾ, ಯುಗಾದಿ ಮುಂಚೆ.
ಈಗ ಕಾರಹುಣ್ಣಿಮಿ.

ಶಹಾಬಾದ್ ಪರಸಿ ಎಬ್ಬಿಸಿ ಅಂಗಳದಾಗ ಒಟ್ಟ್ಯಾರ.
ಹಾಸಿಗಿ ಪಕ್ಕ ಫ್ರಿಜ್ಜು, ಬಚ್ಚಲದಾಗ ಒಲಿ,
ತೊಗರಿಬ್ಯಾಳ್ಯಾಗ ಸಿಮೆಂಟು.
ಸಕ್ಕರಿ ಡಬ್ಬಿ ಎಲ್ಲದನೋ ಶರಣಬಸಪ್ಪಗೇ ಗೊತ್ತು;
ಕೆಲಸದವರಿಗೆ ದಿನಾ ಬೆಲ್ಲದ ಚಾ.

ಬಾಗಿಲ ಎಲ್ಲಾ ಪಾಲಿಶಿಗೆ ಹ್ವಾದವು.
ಚೌಕಟ್ಟಿಗೆ ನನ್ನ ಹಳೇ ಇಳಕಲ್ ಸೀರಿ.
ಅತ್ತಿ ಕೆಮ್ಮು, ಮಗಳ ಓದು, ನಾದಿನಿ ಫೋನು
ಎಲ್ಲಾ ಒಂದೇ ಖೋಲಿ ಆಗ್ಯಾವ.
ಇಪ್ಪತ್ತು ವರ್ಷದ ನಮ್ಮ ಜಗಳ ಎಲ್ಲಿ ಆಡೋದು?

ಮಾಳಿಗಿ ಮ್ಯಾಲ, ನೀರಿನ ಟಾಕಿ ಹಿಂದ
ಪಿಸುಪಿಸು ಬೈದಾಡಿದಿವಿ.
ಪಿಸುಮಾತಿನಾಗ ಬೈಗುಳಕ್ಕ ಹಲ್ಲು ಇರಂಗಿಲ್ಲ.
"ನಿನ್ನ ತಮ್ಮಗ ಕೊಟ್ಟ ರೊಕ್ಕ..." ಅಂತ ಸುರು ಮಾಡಿದಾಂವ
ಅರ್ಧಕ್ಕ ನಕ್ಕುಬಿಟ್ಟ.
ನಾ ನಗಲಿಲ್ಲ.
ಹಗಲಿನ ಬಿಸಿಲು ಇನ್ನೂ ಅಂಗಾಲಡಿ ಇತ್ತು,
ಇಳದು ಬರಲೂ ಇಲ್ಲ.

ನಿನ್ನಿ ಬಾಗಿಲ ಬಂದಾವ, ವಾರ್ನಿಶ್ ವಾಸನಿ ಹೊತ್ತು.
"ಹಾಕಿ ನೋಡ್ರೀ" ಅಂದ ಚಾಂದಪಾಶಾ ಹೊರಗಿಂದ.
ಹಾಕಿದಿವಿ. ಒಳಗ ನಾವಿಬ್ಬರೇ.
ಏನು ಮಾತಾಡಬೇಕೋ ತಿಳೀಲಿಲ್ಲ.

"ಬುಡ ಟೈಲಿಗೆ ತಿಕ್ಕತದ" ಅಂದೆ,
"ಒಯ್ದು ರಂದಾ ಹೊಡೀರಿ.
ಎರಡು ದಿನ ಆದ್ರೂ ಆಗಲಿ."