ಹಳೆ ಬತಾಕ

ಸುಲೈಬಿಖಾತ್‌ನಲ್ಲಿ ನೀರಿಳಿದ ಕೆಸರು.
ಮೊಣಕಾಲ ತನಕ ಹೂತು ನಿಂತ ಡಾಕ್ಟರ್ ಬುತೈನಾ
ಅಂಗೈಯ ಏಡಿಯನ್ನು ಮಗುಚಿ ಅಂದರು:
ಇದರ ಕುಟುಂಬ ಬೇರೆಯಂತೆ, ಅನ್ನಾಬ.
ಅರಬಿಗೆ ಪ ಬಾರದು. ನಾನು ಅಣ್ಣಪ್ಪ,
ಗಂಗೊಳ್ಳಿಯ ಖಾರ್ವಿ.

ಇಷ್ಟು ವರ್ಷ ಮರಳೇಡಿಯ ದಾಯಾದಿ ಎಂದು
ಒಂದೇ ಕಪಾಟಿನಲ್ಲಿಟ್ಟಿದ್ದೆವು,
ಎರಡಕ್ಕೂ ಕಣ್ಣು ಕಡ್ಡಿಯ ತುದಿಗಿದೆ ಎಂಬ ನೆಪಕ್ಕೆ.
ಈಗ ಯಾರೋ ಹೊಟ್ಟೆಯೊಳಗಿನ ಹಲ್ಲು ನೋಡಿದ್ದಾರೆ,
ಡಿಎನ್‌ಎ ಓದಿಸಿದ್ದಾರೆ.
ಕಣ್ಣು ನಂಬಿ ನೆಂಟಸ್ತಿಕೆ ಕಟ್ಟಿದ್ದು ತಪ್ಪಾಯಿತಂತೆ.

ನಮ್ಮಜ್ಜಿಯ ಲೆಕ್ಕದಲ್ಲಿ ಏಡಿಗೆ ಎರಡೇ ಜಾತಿ:
ಸಾರಿಗೆ ಆಗುವುದು, ಆಗದ್ದು.
ಇದು ಆಗದ್ದು.

ನಾನೂ ಬಂದದ್ದು ಇಪ್ಪತ್ತನೇ ನಂಬರಿನ ವೀಸಾದಲ್ಲಿ, ಮನೆ ಡ್ರೈವರ್.
ಈಗ ಹದಿನೆಂಟು.
ಹೊಟ್ಟೆಯೊಳಗಿನ ಹಲ್ಲು ಅವೇ.

ಸಂಜೆ ಸ್ಪಿರಿಟಿನ ಘಾಟಿನಲ್ಲಿ ನಲವತ್ತೊಂದು ಬಾಟಲಿ ಇಳಿಸಿ
ಹೊಸ ಹೆಸರು ಬರೆದೆ, ಕರಗದ ಶಾಯಿಯಲ್ಲಿ.
ಹಳೆಯದನ್ನು ಚಿಮಟದಲ್ಲಿ ಎತ್ತಿದ್ದೇ ತಡ, ಕೂಗಿದರು:
ಹಳೆ ಬತಾಕ ತೆಗೆಯಬೇಡ!
ಯಾರು, ಯಾವಾಗ, ಏನೆಂದು ತಿಳಿದಿದ್ದರೋ
ಅದೂ ಒಳಗೇ ಇರಲಿ.

ಬತಾಕ. ಇಲ್ಲಿ ಚೀಟಿಗೂ ಅದೇ ಮಾತು,
ನನ್ನ ಜೇಬಿನ ಗುರುತಿನ ಕಾರ್ಡಿಗೂ.
ಅವಧಿ ಮುಗಿದ ಮೂರನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ,
ಯಾಕೆಂದು ಯಾರೂ ಕೇಳಿಲ್ಲ.

ಮರುದಿನ ಇಳಿತಕ್ಕೆ ಹೋದರೆ
ಬಾಟಲಿ ಕಾಣದ ಒಂದು ಗಂಡು, ಉಗುರಿನಷ್ಟು,
ಬಿಲದ ಸುತ್ತ ಕೆಸರಿನ ಗೋಡೆ ಒತ್ತುತ್ತ
ನಡುನಡುವೆ ಎರಡೂ ಕೈ ಎತ್ತಿ
ಪಕ್ಕದ ಮನೆಗೆ ಏನೋ ಹೇಳುತ್ತಿತ್ತು.
ಬಾ ಎಂದೋ,
ಗೋಡೆ ದಾಟಬೇಡ ಎಂದೋ.